ಹಸಿರು ಅಂಚಿನ ಜೇಬು

ಬೇಸಿಗೆಯ ಮಧ್ಯಾಹ್ನ. ಶಂಶಾಬಾದ್ ರಸ್ತೆಯಲ್ಲಿ ಚೆಕಿಂಗ್ ಸಾಹೇಬ ಲಾರಿ ನಿಲ್ಲಿಸಿ ಕಾಗದ ಕೇಳಿದ. ಡ್ರೈವರ್ ಬಂಡೆಪ್ಪ ಸೀಟಿನ ಕೆಳಗಿನ ಪ್ಲಾಸ್ಟಿಕ್ ಚೀಲ ಎಳೆದ ರಭಸಕ್ಕೆ ಅದು ಹರಿದು, ಇನ್ಶೂರೆನ್ಸ್ ಕಾಗದ ಗಾಳಿಗೆ ಹಾರಿತು. ಬಂಡೆಪ್ಪ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಅದರ ಹಿಂದೆ ಓಡಿದ. ಸಾಹೇಬ ನಕ್ಕ. ಹಿಂದೆ ನಿಂತ ಲಾರಿಯವರೂ ನಕ್ಕರು. ಮನೆಗೆ ಬಂದಾಗ ಅಂಗಾಲ ತುಂಬ ಬೊಬ್ಬೆ.

ಹೆಂಡತಿ ಅಂಬವ್ವನ ಮಾತೇ ಕಡಿಮೆ. ಬೊಬ್ಬೆಗೆ ಕೊಬ್ಬರಿಎಣ್ಣೆ ಹಚ್ಚಿ, ಹಳೆ ಸೀರೆ ಕತ್ತರಿಸಿ ಚೀಲ ಹೊಲಿಯಲು ಕೂತಳು. ಗಂಡನಿಗೆ ಓದು ಬಾರದು. ಅದಕ್ಕೇ ಒಂದೊಂದು ಜೇಬಿಗೆ ಒಂದೊಂದು ಬಣ್ಣದ ಅಂಚು ಇಟ್ಟಳು. ಆರ್‌ಸಿಗೆ ಕೆಂಪು, ಇನ್ಶೂರೆನ್ಸಿಗೆ ಹಳದಿ, ಹೊಗೆ ಕಾಗದಕ್ಕೆ ನೀಲಿ. ಗಾಡಿ ರಸ್ತೆಗೆ ಯೋಗ್ಯ ಎಂದು ಹೇಳುವ ಎಫ್‌ಸಿಗೆ ಹಸಿರು. ಕ್ಯಾಬಿನ್ನಿನಲ್ಲಿ ತೂಗಹಾಕಿದರೆ ಸಾಹೇಬ ಕೇಳಿದ್ದು ಥಟ್ಟನೆ ಕೈಗೆ ಸಿಗುತ್ತಿತ್ತು.

ಬಂಡೆಪ್ಪನ ಹೆದರಿಕೆ ಹೋಯಿತು. ಆದರೆ ನಿಲ್ಲಿಸುವುದು ತಪ್ಪಲಿಲ್ಲ. ತುಕ್ಕು ಹಿಡಿದ ಹಳೇ ಗಾಡಿ ಎಲ್ಲ ಸಾಹೇಬರ ಕಣ್ಣಿಗೂ ಮೊದಲು ಬೀಳುತ್ತಿತ್ತು. ಪಕ್ಕದ ಮನೆಯ ವಿಠಲನ ಗಾಡಿ ಕೊಂಡು ಮೂರು ವರ್ಷವಾಗಿದ್ದರೂ ಹೊಸದರಂತಿತ್ತು, ಎಸಿ ಕ್ಯಾಬಿನ್. ಅದನ್ನು ಯಾರೂ ತಡೆಯುತ್ತಿರಲಿಲ್ಲ. ಇಬ್ಬರೂ ಶಾಂತಕುಮಾರ ಸಾವಕಾರನ ಡ್ರೈವರುಗಳೇ. ಪಟಾನ್‌ಚೆರುವಿನ ಲಾರಿ ಅಡ್ಡೆಯ ಹಿಂದೆ ಸಾವಕಾರನ ಖೋಲಿಗಳಲ್ಲಿ ಗೋಡೆಗೆ ಗೋಡೆ ಹತ್ತಿ ಅವರ ಮನೆ.

ಗೋಡೆಯಾಚೆಯ ನಗು ಅಂಬವ್ವನ ಹೊಟ್ಟೆ ಉರಿಸುತ್ತಿತ್ತು. ವಿಠಲ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಅವನ ಹೆಂಡತಿ ನಳಿನಿ ಆಗ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆ ಸದ್ದು ಕೇಳುತ್ತ ಅಂಬವ್ವ, ದಾರಿಯಲ್ಲಿ ನಿಂತು ನಿಂತು ತಡವಾಗುವ ಗಂಡನಿಗೆ ಕಾಯುತ್ತಿದ್ದಳು. ಇವಳ ರೊಟ್ಟಿ ಮುಚ್ಚಿಟ್ಟಲ್ಲೇ ಒಣಗಿ ಕಟಕಾಗುತ್ತಿತ್ತು. ನಳಿನಿಯ ಮುಡಿಯ ಮಲ್ಲಿಗೆ ಕಂಡರೂ ಅವಳಿಗೆ ಸಂಕಟ.

ಒಂದು ಬೆಳಿಗ್ಗೆ ಸಾವಕಾರ ಬಂದ.

“ಅಂಬವ್ವಾ, ವಿಠಲನ ಗಾಡಿಗೂ ಇಂಥಾದ್ದೊಂದು ಚೀಲ ಹೊಲದು ಕೊಡವಾ. ನಾವೆಲ್ಲಾ ಒಂದ ಊರ ಮಂದಿ.”

ಒಲ್ಲೆ ಅನ್ನಬೇಕೆನಿಸಿತು. ತಲೆ ಮಾತ್ರ ಹೂಂ ಅಂದಿತು. ಹೊಲಿದು, ಸಾವಕಾರ ಕೊಟ್ಟ ಕಾಗದ ತುಂಬಿದಳು. ಶಾಲೆ ಬೇಗ ಬಿಟ್ಟಿದ್ದರೂ ಯಾವುದು ಯಾವುದೆಂದು ಗುರುತು ಸಿಗುತ್ತಿತ್ತು. ಕೆಂಪು, ಹಳದಿ, ನೀಲಿ ತುಂಬಿದವು. ಹಸಿರು ಖಾಲಿ ಉಳಿಯಿತು.

ಹೇಳೋಣವೆಂದು ಚೀಲ ಹಿಡಿದು ಹೊರಗೆ ಬಂದಳು. ನಲ್ಲಿಯ ಹತ್ತಿರ ನಳಿನಿ ಚೀಲ ತಿರುಗಿಸಿ ನೋಡಿ ನಕ್ಕಳು.

“ಕೂಸಿಗೆ ಕುಂಚಿಗಿ ಹೊಲದಂಗ ಹೊಲದೀಯಲ್ಲವಾ! ನಮ್ಮ ಗಾಡೀನ ಯಾರ ನಿಲ್ಲಸ್ತಾರ? ಇರ್ಲಿ, ಚಂದಕ್ಕ ತೂಗಬಿಡತೀವಿ.”

ನಾಲಿಗೆ ತುದಿಗೆ ಬಂದದ್ದನ್ನು ಅಂಬವ್ವ ನುಂಗಿದಳು. ಒಂದು ಸಲ ಇವರದೂ ನಿಲ್ಲಲಿ, ಅಂದುಕೊಂಡಳು.

ಆ ವಾರವೇ ನಿಂತಿತು. ಎಫ್‌ಸಿ ಇಲ್ಲವೆಂದು ವಿಠಲ ರಸ್ತೆಯಿಂದ ಫೋನ್ ಮಾಡಿದರೆ ಸಾವಕಾರ ಅಂದದ್ದು: “ಮನ್ಯಾಗ ಮರತ ಬಂದೀನಿ ಅನ್ನು. ಮುಂದಿಂದು ನಾ ನೋಡ್ಕೋತೀನಿ.” ವಿಠಲ ಹಾಗೇ ಅಂದ. ಸಾಹೇಬ ಕೈಯಲ್ಲಿದ್ದ ಮಷಿನ್ ಒತ್ತಿ ನೋಡಿದ. ಎಫ್‌ಸಿ ಮುಗಿದು ತಿಂಗಳುಗಳೇ ಆಗಿದ್ದವು. “ಝೂಟ್ ಬೋಲ್ತಾ ರೇ?” ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಿ ಗಾಡಿ ಹಿಡಿದ. ವಿಠಲನ ಲೈಸೆನ್ಸನ್ನೂ ಕಿತ್ತುಕೊಂಡ.

ಸಾವಕಾರ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬಂದ. ಲೈಸೆನ್ಸ್ ಬಿಡಿಸಲಿಲ್ಲ.

“ಲೈಸೆನ್ಸ್ ನಿಂದು, ಸುಳ್ಳು ಹೇಳಿದಾಂವ ನೀನು. ನನ್ನ್ಯಾಕ ಕೇಳ್ತಿ? ಖೋಲಿ ಖಾಲಿ ಮಾಡು.”

ಆ ಸಂಜೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಿರಲಿಲ್ಲ. ಅಂಬವ್ವ ತಟ್ಟೆಗೆ ಹಾಕಿಕೊಂಡ ರೊಟ್ಟಿಯನ್ನು ತಿರುಗಿ ಮುಚ್ಚಿಟ್ಟಳು.

ಮರುದಿನ ಸಾವಕಾರ ಕೀಲಿ ಕುಣಿಸುತ್ತ ಬಂದು ಬಂಡೆಪ್ಪನ ಕೈಗಿಟ್ಟ. “ಇವತ್ತಿನಿಂದ ಹೊಸ ಗಾಡಿ ನಿಂದು. ಎಸಿ ಐತಿ. ಸಂಜೀಕ ಮನಿ ಸೇರ್ತಿ.”

ಅಂಬವ್ವನ ಎದೆ ಒಂದು ಕ್ಷಣ ಹಿಗ್ಗಿತು. ಹೊಟ್ಟೆಕಿಚ್ಚುಪಟ್ಟು ಬಯಸಿದ್ದೆಲ್ಲ ಆ ಕೀಲಿಯಲ್ಲಿತ್ತು. ಓಡಿ ಹೋಗಿ ಕ್ಯಾಬಿನ್ ಹತ್ತಿದಳು. ತಾನೇ ಹೊಲಿದ ಚೀಲ ಅಲ್ಲಿ ತೂಗುತ್ತಿತ್ತು. ಹಸಿರು ಜೇಬಿಗೆ ಕೈ ಹಾಕಿದಳು. ಖಾಲಿ.

ಚೀಲ ಬಿಚ್ಚಿಕೊಂಡು ಇಳಿದಳು. “ಇದರಾಗ ಕಾಗದ ಇಲ್ಲರಿ, ಸಾವ್ಕಾರ್ರ.”

“ಬ್ರೇಕ್ ರಿಪೇರಿ ಆಗಬೇಕವಾ, ಆಮ್ಯಾಲ ಎಫ್‌ಸಿ. ಅಲ್ಲೀತನ ಓಡಸ್ಲಿ. ಕೇಳಿದ್ರ ಮನ್ಯಾಗ ಮರತೀನಿ ಅನ್ಲಿ.”

ಬಂಡೆಪ್ಪ ಕೈಯಲ್ಲಿದ್ದ ಕೀಲಿ ನೋಡಿದ. ಅಂಬವ್ವ ನೆಟ್ಟಗೆ ನಳಿನಿಯ ಬಾಗಿಲಿಗೆ ಹೋದಳು. ನಳಿನಿ ಪಾತ್ರೆ ಗಂಟು ಕಟ್ಟುತ್ತಿದ್ದಳು.

“ಅಕ್ಕಾ, ಹಸರ ಜೇಬು ಖಾಲಿ ಇದ್ದದ್ದು ನನಗ ಗೊತ್ತಿತ್ತು. ನಿನ್ನ ಕಂಡ್ರ ಹೊಟ್ಟಿ ಉರೀತಿತ್ತು. ಹೇಳಲಿಲ್ಲ. ಈಗ ಸಾವ್ಕಾರ ಅದ ಗಾಡಿ ನಮಗ ಕೊಡಾಕತ್ಯಾನ.”

ನಳಿನಿ ಎದ್ದಳು. ಕೈ ಎತ್ತಿದಳು. ಅಂಬವ್ವ ಹಿಂದೆ ಸರಿಯಲಿಲ್ಲ. ಎತ್ತಿದ ಕೈ ಚೀಲ ಕಸಿದುಕೊಂಡಿತು.

“ನಿನ್ನ ಆಮ್ಯಾಲ ಬೈತೀನಿ. ಮದಲ ನಡಿ.”

ಅಡ್ಡೆಯ ಗೇಟಿಗೆ ಇಬ್ಬರೂ ಚೀಲ ಕಟ್ಟಿದರು. ಹಸಿರು ಜೇಬಿನ ಒಳಮೈ ಹೊರಗೆಳೆದರು.

“ಬರ್ರಿ, ನಿಮ್ಮ ನಿಮ್ಮ ಗಾಡಿ ಕಾಗದ ನೋಡ್ಕೋರಿ!” ನಳಿನಿ ಕೂಗಿದಳು. “ಇವತ್ತ ನನ್ನ ಗಂಡ, ನಾಳಿ ಯಾರು?”

ಸಾವಕಾರನ ಉಳಿದ ಡ್ರೈವರುಗಳು ತಮ್ಮ ತಮ್ಮ ಕ್ಯಾಬಿನ್ ಹತ್ತಿದರು. ಅವರಲ್ಲಿ ಮಲ್ಲು ಎಂಬವ ಮೊದಲು ಇಳಿದ. “ನಂದ್ರಾಗೂ ಎಫ್‌ಸಿ ಇಲ್ಲಪಾ,” ಅಂದ. ಅವನ ಹಿಂದೆ ಇನ್ನಿಬ್ಬರು ಖಾಲಿ ಕೈ ತೋರಿಸಿದರು.

ಬಂಡೆಪ್ಪ ಕೀಲಿಯನ್ನು, ಹಿಂದೆಯೇ ಬಂದ ಸಾವಕಾರನ ಕಾಲ ಬಳಿ ಇಟ್ಟ. “ಹಸರ ಜೇಬು ತುಂಬ್ಲಿ. ವಿಠಲನ ಲೈಸೆನ್ಸ್ ನೀವ ಬಿಡಿಸಿ ತರ್ರಿ. ಅಲ್ಲೀತನ ಗಾಡಿ ಹೊರಡಂಗಿಲ್ಲ.”

“ಎಲ್ಲಾರೂ ಖೋಲಿ ಖಾಲಿ ಮಾಡ್ರಿ!” ಸಾವಕಾರ ಚೀರಿದ.

ಯಾರೂ ಕದಲಲಿಲ್ಲ. ಮಲ್ಲುವಿನ ಕೀಲಿಯೂ ನೆಲಕ್ಕೆ ಬಿತ್ತು. ಅದರ ಮೇಲೆ ಇನ್ನೊಂದು. ಅಡ್ಡೆಯಲ್ಲಿ ಒಂದು ಇಂಜಿನ್ನೂ ಕೆಮ್ಮಲಿಲ್ಲ.

ನಳಿನಿ ಅಂಬವ್ವನ ರಟ್ಟೆ ಹಿಡಿದು ತನ್ನ ಪಕ್ಕ ಗೇಟಿಗೆ ಅಡ್ಡ ಕೂರಿಸಿಕೊಂಡಳು.

“ಕೂಡು ಇಲ್ಲೆ. ಈಗ ನಿನ್ನ ಬೈಯಾಕ ನನಗ ಭಾಳ ಹೊತ್ತೈತಿ.”