ಅಕ್ಕ ಹತ್ತುವ ಕಡೆಯ ಚಕ್ರ

ಇಪ್ಪತ್ತೆರಡು ವರ್ಷದ ಆ ಹಳೇ ಕಾರು ದರ್ಜಿಯದು. ಅದರ ಮೇಲಿನ ಅಧಿಕಾರ ಮಾತ್ರ ಅವನ ಅಕ್ಕನದು. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳು. ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

ಒಂದು ಬೆಳಿಗ್ಗೆ ಅವಳು ಕಾರಿಗೆ ಸುತ್ತು ಹಾಕಿ, ಸ್ಟೀರಿಂಗ್ ಇರುವ ಕಡೆಯ ಮುಂದಿನ ಚಕ್ರದೊಳಗೆ ಇಣುಕಿದಳು. ಬ್ರೇಕಿನ ಕ್ಯಾಲಿಪರ್ ತುಕ್ಕು ಹಿಡಿದು ಕೆಂಪಗೆ ಕೂತಿತ್ತು.

“ಏನೋ ಇದು? ಚಕ್ರ ಹಿಡಿಯೋ ಕೈಗೇ ಕಜ್ಜಿ ಹತ್ತಿದೆಯಲ್ಲೋ!”

“ಮೇಲ್ಮೇಲೆ ಅಷ್ಟೇ ಅಕ್ಕ. ನಿನ್ನ ಕಡೇದು ನೋಡು, ಹೇಗೆ ಫಳಫಳ ಅಂತಿದೆ!”

ಫಳಫಳ ಎನ್ನುತ್ತಿದ್ದುದು ನಿಜ. ಅಕ್ಕ ಹತ್ತುವ ಕಡೆಯದಕ್ಕೆ ಅವನು ಹೋದ ತಿಂಗಳು ಗುಟ್ಟಾಗಿ ಬೆಳ್ಳಿ ಬಣ್ಣ ಬಳಿದಿದ್ದ. ಅವಳು ಈ ಕಡೆಗೂ ಬಂದಾಳೆಂದು ಎಣಿಸಿರಲಿಲ್ಲ.

“ಹೊಸದು ಹಾಕಿಸೋ ತನಕ ನಾನು ಹತ್ತಲ್ಲ,” ಎಂದು ಅಕ್ಕ ಹಠ ಹಿಡಿದಳು. ಕೊನೆಗೆ ಗ್ಯಾರೇಜಿನ ತನಕ ಮಾತ್ರ, ಅದೂ ಆಮೆಯ ಹಾಗೆ, ಎಂಬ ಷರತ್ತಿನ ಮೇಲೆ ಹತ್ತಿದಳು.

ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ. “ಬರೀ ತುಕ್ಕಿಗೆ ಹೆದರ್ಬೇಡಿ ಅಕ್ಕ. ಎಣ್ಣೆ ಸೋರುತ್ತಾ, ಹಿಡಿದ ಬ್ರೇಕು ಬಿಡುತ್ತಾ, ಅದನ್ನ ನೋಡ್ಬೇಕು. ಬಿಡದೆ ಹೋದ್ರೆ ಚಕ್ರ ಕಾಯುತ್ತೆ.”

“ಕಾಯೋದು ತಾನೇ? ಅದನ್ನ ನಾನು ಹೇಳ್ತೀನಿ.”

ಅಕ್ಕ ಕೈಯ ಹಿಂಬದಿಯನ್ನು ತುಕ್ಕಿನ ಕಡೆಯ ಚಕ್ರದ ಹತ್ತಿರ ಹಿಡಿದಳು. ಬೆಚ್ಚಗಿತ್ತು, ಅಷ್ಟೇ. ತನ್ನ ಕಡೆಯ ಚಕ್ರದ ಹತ್ತಿರ ಹಿಡಿದವಳು ಸರ್ರನೆ ಕೈ ಎಳೆದುಕೊಂಡಳು.

“ಇದಕ್ಕೆ ನೂರಾ ನಾಲ್ಕು ಜ್ವರ ಕಣೋ!”

ಮೆಕ್ಯಾನಿಕ್ ಜಾಕ್ ಹಾಕಿ ತಿರುಗಿಸಿದ. ತುಕ್ಕಿನ ಕಡೆಯದು ಗಿರಗಿರನೆ ತಿರುಗಿತು. ಬೆಳ್ಳಿಯ ಕಡೆಯದು ಅರ್ಧ ಸುತ್ತಿಗೇ ಮುಷ್ಕರ ಹೂಡಿತು. ಬಿಚ್ಚಿದರೆ ರಬ್ಬರ್ ಹರಿದು, ಬ್ರೇಕನ್ನು ಒತ್ತುವ ಒಳಗಿನ ಪಿಸ್ಟನ್ ಹಿಂದೆ ಸರಿಯದೆ ಕಚ್ಚಿಕೊಂಡಿತ್ತು.

“ಇದನ್ನ ಬದಲಾಯಿಸಲೇಬೇಕು. ಅದಿರ್ಲಿ, ಇದಕ್ಕೆ ಮೇಕಪ್ ಮಾಡಿದ್ದು ಯಾರು?”

ದರ್ಜಿ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದ. “ಅಕ್ಕ ಗಾಬರಿ ಆಗ್ಬಾರ್ದು ಅಂತ...”

“ಗಾಯ ತೊಳೀದೆ ಪೌಡರ್ ಹಾಕ್ತಾರೇನೋ, ಪೆದ್ದ!” ಅಕ್ಕ ರೇಗಿದಳು. ಅವನ ಮುಖ ಕಂಡು ನಗುವೂ ಬಂತು.

ತುಕ್ಕಿನ ಕ್ಯಾಲಿಪರನ್ನು ತಿಕ್ಕಿ, ಗ್ರೀಸ್ ಹಚ್ಚಿ ಉಳಿಸಿಕೊಂಡರು. ಇನ್ನೊಂದಕ್ಕೆ ಹೊಸದು ಬಂದದ್ದು ಮೂರನೇ ದಿನ. ಪರೀಕ್ಷೆಗೆ ಅಕ್ಕನೇ ಸ್ಟೀರಿಂಗ್ ಹಿಡಿದಳು. ಗ್ಯಾರೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿದಳು. ನಾಲ್ಕು ಸಲವೂ ಕಾರು ನೆಟ್ಟಗೆ ನಿಂತಿತು. ಪಕ್ಕದಲ್ಲಿ ಕೂತ ತಮ್ಮನ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

“ನಿಂತಾಯ್ತು ಕಣೋ, ಕಾಲು ತೆಗಿ,” ಎನ್ನುತ್ತ ಅಕ್ಕ ಐದನೇ ಸಲಕ್ಕೆ ವೇಗ ಹೆಚ್ಚಿಸಿದಳು.