ಇಳಿದ ಭುಜಕ್ಕೊಂದು ಅಂಗಿ

ವಿಜಯಲಕ್ಷ್ಮಿ ಹನ್ನೊಂದು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು. ಬರೀ ಕಾಲರ್. ಗೋಕಾಕದ ಹೊರಗಿನ ಗಾರ್ಮೆಂಟ್ ಶೆಡ್ಡಿನಲ್ಲಿ ಅವಳ ಮಷಿನ್ನಿನ ಎಡಕ್ಕೆ ಕತ್ತರಿಸಿದ ತುಂಡುಗಳು ಬಂದು ಬೀಳುತ್ತಿದ್ದವು, ಬಲಕ್ಕೆ ಕಾಲರುಗಳಾಗಿ ಹೋಗುತ್ತಿದ್ದವು. ಅವು ಯಾವ ಅಂಗಿಗೆ ಕೂತವು, ಆ ಅಂಗಿ ಯಾವ ಊರಿಗೆ ಹೋಯಿತು ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ; ತಿಳಿದುಕೊಳ್ಳುವ ಹುರುಪೂ ಈಗ ಉಳಿದಿರಲಿಲ್ಲ. ಸಂಜೆ ವ್ಯಾನಿನ ಕಿಟಕಿಗೆ ತಲೆಯಾನಿಸಿದಳೆಂದರೆ ತನ್ನೂರು ಕಲ್ಲೋಳಿ ಬಂದದ್ದು ಪಕ್ಕದವರು ಎಬ್ಬಿಸಿದಾಗಲೇ ಗೊತ್ತಾಗುವುದು.

ಆ ವರ್ಷ ಮಗಳು ಶಿವಾನಿಗೆ ಬೆಲ್ಲದ ಬಾಗೇವಾಡಿಯ ಸಂಬಂಧ ಕೂಡಿಬಂತು. ನಿಶ್ಚಯಕ್ಕೆ ಇನ್ನೂ ಐದು ವಾರ ಇರುವಾಗ ವಿಜಯಲಕ್ಷ್ಮಿಯ ಗಂಡ ಬಾಳೇಶ ಊಟದ ತಾಟಿನಿಂದ ತಲೆ ಎತ್ತದೆ ಹೇಳಿದ, "ನಾ ಹಿಂದ ಕೂಡ್ತೇನಿ. ಮುಂದ ಕೂತು ಮಾಡೂದೆಲ್ಲಾ ನಿಮ್ಮಣ್ಣ ಮಾಡ್ಲಿ."

ಕಾರಣ ಕೇಳುವ ಅಗತ್ಯ ಅವಳಿಗಿರಲಿಲ್ಲ. ಆರು ವರ್ಷದ ಹಿಂದೆ ಕಬ್ಬಿನ ಟ್ರೇಲರಿನ ಮೇಲಿಂದ ಬಿದ್ದಾಗ ಬಾಳೇಶನ ಬಲಭುಜ ಮುರಿದಿತ್ತು. ಎಲುಬು ಕೂಡಿಕೊಂಡಿತು, ಭುಜ ಮಾತ್ರ ಮೊದಲಿನ ಜಾಗಕ್ಕೆ ಬರಲಿಲ್ಲ. ಯಾವ ರೆಡಿಮೇಡ್ ಅಂಗಿ ಹಾಕಿದರೂ ಬಲಗಡೆ ಬಟ್ಟೆ ಜೋತುಬೀಳುತ್ತಿತ್ತು, ಕಾಲರು ಕುತ್ತಿಗೆ ಬಿಟ್ಟು ಸರಿಯುತ್ತಿತ್ತು, ತೋಳು ಬೆರಳಿನ ಗಂಟಿನ ತನಕ ಇಳಿಯುತ್ತಿತ್ತು. ಅದಕ್ಕೇ ಬೇಸಿಗೆಯಿರಲಿ ಚಳಿಯಿರಲಿ ಆ ಭುಜದ ಮೇಲೊಂದು ಟವೆಲ್. ನೆಂಟರ ಮದುವೆಗಳಿಗೆ ಹೋಗುವುದನ್ನೂ ಅವನು ಬಿಟ್ಟಿದ್ದ.

"ನಾ ಒಂದ ಅಂಗಿ ಹೊಲೀತೇನ್ರಿ," ಅಂದಳು.

ಬಾಳೇಶ ನಕ್ಕ. "ನಿನಗ ಕಾಲರ್ ಅಷ್ಟ ಬರ್ತೈತಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಭಾನುವಾರ ಅವಳು ಮೂಡಲಗಿಯ ಬಸ್ಸು ಹಿಡಿದಳು. ಅಲ್ಲಿ ಮಾಲಿಂಗಪ್ಪ ಎಂಬ ಹಳೆಯ ಟೇಲರ್ ಇದ್ದ. ಒಂದು ಕಾಲಕ್ಕೆ ವಕೀಲರು, ಮಾಸ್ತರರು ದೂರದೂರದಿಂದ ಬಂದು ಅವನ ಹತ್ತಿರವೇ ಅಂಗಿ ಹೊಲಿಸುತ್ತಿದ್ದರು. ಈಗ ಜನ ಬರುವುದು ಪ್ಯಾಂಟಿನ ಕಾಲು ಮಡಚಿಸಲು, ಜಿಪ್ ಹಾಕಿಸಲು. ಅವಳು ಹೇಳಿದ್ದನ್ನೆಲ್ಲ ಕೇಳಿ ಮಾಲಿಂಗಪ್ಪ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಕಲಿಸೂದು ಬಿಟ್ಟೇನಿ ತಂಗಿ. ಕೂತು ಕೂತು ನಡಾ ಹೋಗೇತಿ."

"ಕಲಿಸಬ್ಯಾಡ್ರಿ ಕಾಕಾ. ತಪ್ಪಿದಲ್ಲಿ ಹೇಳ್ರಿ, ಸಾಕು."

ಅವನು ಒಂದು ಬಟ್ಟೆಯ ತುಂಡನ್ನು ಅವಳ ಕಡೆ ತಳ್ಳಿ, ಕಾಲರ್ ಹೊಲಿದು ತೋರಿಸು ಎಂದ. ಅವಳು ಹೊಲಿದುಕೊಟ್ಟಳು. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟರೆ ನೂಲಿನಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಮಾಲಿಂಗಪ್ಪ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

"ಕೈ ಚಲೋ ಐತಿ. ಆದ್ರ ಇದು ಯಾರ ಕುತ್ತಿಗಿ?"

ಶೆಡ್ಡಿನಲ್ಲಿ ಕುತ್ತಿಗೆಗಳಿರಲಿಲ್ಲ, ನಂಬರುಗಳಿದ್ದವು.

ಮುಂದಿನ ಎರಡು ಭಾನುವಾರ ಅವನು ಸ್ಟೂಲಿನ ಮೇಲೆ ನಡ ಹಿಡಿದುಕೊಂಡು ಕೂತು ಹೇಳುತ್ತಾ ಹೋದ. ಕಾಲರಿನ ಮೇಲಿನ ಪದರ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿದ್ದರೆ ಮಾತ್ರ ಅದು ತಾನಾಗಿ ಬಾಗುತ್ತದೆ. ತೋಳಿನ ಸುತ್ತಳತೆ ಕಂಕುಳಿನ ಸುತ್ತಿಗಿಂತ ತುಸು ಹೆಚ್ಚಿರಬೇಕು. ಆ ಹೆಚ್ಚಳವನ್ನು ನೆರಿಗೆ ಕಾಣದಂತೆ ಬೆರಳಿನಿಂದಲೇ ಹೊಲಿಗೆಯೊಳಗೆ ಹೀರಿಸಬೇಕು. ಇಂಥ ಭುಜಕ್ಕಾದರೆ ಬೆನ್ನಿನ ಮೇಲಿನ ಪಟ್ಟಿಯನ್ನು ಎರಡು ತುಂಡು ಮಾಡಿ, ಬಲಗಡೆಯದನ್ನು ಹೆಚ್ಚು ಇಳಿಜಾರಾಗಿ ಕತ್ತರಿಸಿ, ನಡುವೆ ಕೂಡಿಸಬೇಕು.

"ಒಳಗ ಹತ್ತಿ ತುಂಬಿ ಭುಜಾ ಎತ್ತಾಕ ಹೋಗಬ್ಯಾಡ," ಅಂದ. "ಕೈ ಎತ್ತಿದ ಕೂಡ್ಲೆ ಬಣ್ಣ ಬಯಲಾಗ್ತೈತಿ. ಭುಜಾ ಎಲ್ಲಿ ಐತೋ ಅಂಗಿ ಅಲ್ಲಿಗೇ ಹೋಗ್ಲಿ."

ಬಿಳಿ ಹತ್ತಿ ಬಟ್ಟೆ ತಂದದ್ದಾಯಿತು. ಅಳತೆ ಕೊಡಿರೆಂದು ಗಂಡನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅವನು ಫ್ಯಾನಿನ ಕೆಳಗೆ ನಿದ್ದೆಹೋದಾಗ ಉಸಿರು ಬಿಗಿಹಿಡಿದು, ತೊಟ್ಟ ಅಂಗಿಯ ಮೇಲಿಂದಲೇ ದಾರದಿಂದ ಅಳೆದಳು. ದಿನಾ ಶೆಡ್ಡಿನಿಂದ ಬಂದು, ರೊಟ್ಟಿ ಬಡಿದು, ಮನೆಯ ಹೊಲಿಗೆ ಮಷಿನ್ನಿಗೆ ಕೂತಳು. ಒಂದು ವಾರದಲ್ಲಿ ಅಂಗಿಯಾಯಿತು.

ಬಾಳೇಶ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಕಾಲರು ಬಲಕ್ಕೆ ಜಗ್ಗಿತ್ತು. ಕಂಕುಳಿನಿಂದ ಎದೆಯವರೆಗೆ ಮೂರು ಸುಕ್ಕುಗಳು ಎದ್ದಿದ್ದವು.

"ನನ್ನ ಅಳತಿ ಯಾವಾಗ ತಗೊಂಡಿ?"

ಅವಳು ಹೇಳಿದಳು. ಅವನ ಮುಖ ಇಳಿದುಹೋಯಿತು. "ಸತ್ತವರ ಅಳತಿ ತಗೊಂಡಂಗ?" ಎಂದು ಅಂಗಿ ಬಿಚ್ಚಿ ಹಾಸಿಗೆಯ ಮೇಲಿಟ್ಟು ಹೊರಗೆ ಹೋದ.

ಭಾನುವಾರ ಮಾಲಿಂಗಪ್ಪ ಆ ಅಂಗಿಯನ್ನು ಎತ್ತಿ ಹಿಡಿದು ನೋಡಿದವನೇ ಕೇಳಿದ, "ಮಲಗಿದಾಗ ಅಳದಿ, ಹೌದಲ್ಲ?"

"ಹೌದ್ರಿ."

"ಮಲಗಿದವರ ಭುಜಾನ ಹಾಸಿಗಿ ಹೊತ್ತಿರತೈತಿ ಯವ್ವಾ. ನಿಂತಾಗ ಭುಜಾ ತನ್ನ ಭಾರ ತಾನ ಹೊರಬೇಕು. ಖರೆ ಅಳತಿ ಅವಾಗಷ್ಟ ಸಿಗ್ತೈತಿ. ನಿಲ್ಲಾಕ ಹೇಳು."

ನಿಶ್ಚಯಕ್ಕೆ ಹತ್ತು ದಿನ ಉಳಿದಿತ್ತು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹತ್ತಿರವೇ ಕೂತುಬಿಟ್ಟಳು. ಒಳಗಿದ್ದ ಬಾಳೇಶ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ನನಗ ಸಾಕಾಗೇತ್ರಿ," ಅಂದಳು. "ನಿಮ್ಮನ್ನ ರಮಿಸಾಕ ಶಕ್ತಿ ಉಳದಿಲ್ಲ. ಒಂದ ಸಲ ನನ್ನ ಮುಂದ ನೆಟ್ಟಗ ನಿಲ್ರಿ. ಇಲ್ಲಾಂದ್ರ ಹಿಂದ ಕೂಡ್ರಿ, ನಾನೂ ನಿಮ್ಮ ಬಾಜೂಕ ಹಿಂದ ಕೂಡ್ತೇನಿ. ಶಿವಾನಿ ಏನ್ ತಿಳ್ಕೋತಾಳೋ ತಿಳ್ಕೊಳ್ಳಿ."

ಮೂರು ದಿನ ಆ ಮಾತೇ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬುತ್ತಿ ಕಟ್ಟುತ್ತಿರುವಾಗ ಬಾಳೇಶ ನಡುಮನೆಗೆ ಬಂದು ಟವೆಲ್ ತೆಗೆದು ಮಷಿನ್ನಿನ ಮೇಲೆ ಹಾಕಿದ. ಬರಿಮೈಯಲ್ಲಿ ನಿಂತ.

"ವ್ಯಾನ್ ಬರಾಕ ಎಷ್ಟ ಹೊತ್ತೈತಿ?"

ಅವಳು ಟೇಪು ತಂದಳು. ಹಗಲು ಬೆಳಕಿನಲ್ಲಿ ಆ ಭುಜವನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದು ಇದೇ ಮೊದಲು. ಅದು ಬರೀ ಕೆಳಗಿಳಿದಿರಲಿಲ್ಲ, ಮುಂದಕ್ಕೂ ಬಾಗಿತ್ತು. ಎಲುಬು ಕೂಡಿದ ಕಡೆ ಒಂದು ಗಂಟಿತ್ತು. ಅಲ್ಲಿ ಬೆರಳು ತಾಗಿದಾಗ ಅವನು ಕಣ್ಣು ಮುಚ್ಚಿದ.

"ನೋವಾತೇನ್ರಿ?"

"ಇಲ್ಲ. ಯಾರೂ ಮುಟ್ಟಿರಲಿಲ್ಲ, ಅಷ್ಟ."

ರಸ್ತೆಯಲ್ಲಿ ವ್ಯಾನು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಅವಳು ಹೋಗಲಿಲ್ಲ. ಮತ್ತೊಮ್ಮೆ ಅಳೆದು, ಬರೆದಿಟ್ಟುಕೊಂಡು, ತಾನು ಮೊದಲು ಹೊಲಿದ ಅಂಗಿಯ ತೋಳು, ಪಟ್ಟಿ, ಕಾಲರುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಉಳಿದಿದ್ದ ಬಟ್ಟೆಯಲ್ಲಿ ಬಲಗಡೆಯ ಪಟ್ಟಿಯನ್ನು ಹೊಸದಾಗಿ ಕತ್ತರಿಸಿದಳು. ಆಮೇಲಿನ ದಿನಗಳು ಹೇಗೆ ಹೋದವೋ ಅವಳಿಗೇ ನೆನಪಿಲ್ಲ. ಒಮ್ಮೆಯಂತೂ ಮಷಿನ್ನಿನ ಮೇಲೇ ತಲೆಯಿಟ್ಟು ಮಲಗಿದ್ದಳು, ಕೆನ್ನೆಯ ಮೇಲೆ ಟೇಪಿನ ಗುರುತು ಬಿದ್ದಿತ್ತು. ಗುಂಡಿಯ ಕಾಜಗಳನ್ನು ಅವಳು ಕೇಳದಿದ್ದರೂ ಮಾಲಿಂಗಪ್ಪ ಕೈಯಿಂದ ಹಾಕಿಕೊಟ್ಟ.

ಬೆಲ್ಲದ ಬಾಗೇವಾಡಿಯಲ್ಲಿ ಬಾಳೇಶ ಬೀಗರ ಎದುರಿಗೆ ಮುಂದಿನ ಸಾಲಿನಲ್ಲೇ ಕೂತ. ಎಲೆಅಡಿಕೆಯ ತಾಟು ತೆಗೆದುಕೊಳ್ಳಲು ಎರಡೂ ಕೈ ಮುಂದೆ ಚಾಚಿದ. ಕಾಲರು ಕುತ್ತಿಗೆ ಬಿಟ್ಟು ಅಲುಗಲಿಲ್ಲ. ಅಂಗಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಮಳೆ, ಕಬ್ಬು, ಮದುವೆಯ ತಿಂಗಳು ಎಂದು ಮಾತು ನಡೆದಿತ್ತು, ಬಾಳೇಶನೂ ನಡುನಡುವೆ ಮಾತಾಡುತ್ತಿದ್ದ. ಹೆಂಗಸರ ನಡುವೆ ನಿಂತಿದ್ದ ವಿಜಯಲಕ್ಷ್ಮಿಗೆ ಮಾತ್ರ ಬಲತೋಳಿನ ಹಿಂದೆ ಒಂದು ಸಣ್ಣ ನೆರಿಗೆ ಉಳಿದುಕೊಂಡದ್ದು ಕಾಣಿಸಿತು. ಬಿಚ್ಚಿ ಮತ್ತೆ ಕೂಡಿಸಬೇಕೆನ್ನುವ ಆಸೆ ಕೂಡ ಆಗಲಿಲ್ಲ. ಇರಲಿ ಅಂದುಕೊಂಡಳು.

ಊಟವಾದ ಮೇಲೆ ಅವಳು ಒಳಕೋಣೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತಳು. ಕೂತವಳಿಗೆ ಹಾಗೆಯೇ ಕಣ್ಣು ಹತ್ತಿತು. ಶಿವಾನಿ ಬಂದು ಭುಜ ಅಲುಗಿಸಿದಳು.

"ಅವ್ವಾ, ಏಳ. ಫೋಟೋಕ್ಕ ಎಲ್ಲಾರೂ ನಿಂತಾರ. ಅಪ್ಪ ನಿನ್ನ ಕರ್ಯಾಕತ್ತಾನ."

"ಐದ ನಿಮಿಷ," ಎಂದು ವಿಜಯಲಕ್ಷ್ಮಿ ಗೋಡೆಯ ಕಡೆ ಹೊರಳಿದಳು.

ಅಂಗಳದಲ್ಲಿ ಬಾಳೇಶ ಫೋಟೋದವನಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದ, "ನಿಂದ್ರೋ ತಮ್ಮಾ, ಅವಸರ ಮಾಡಬ್ಯಾಡ. ಆಕಿ ಏಳ್ಲಿ."