ಪಂಕಜಾಳ ಕಾಲಿನ ಗುಳ್ಳೆ

ಸಾರಕ್ಕಿಯ ನಾರಾಯಣಮ್ಮನ ಮೊಮ್ಮಗಳು ಪಂಕಜಾಳ ಮೈಮೇಲೆ ಅಮ್ಮ ಎದ್ದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಜಯನಗರವೆಂಬ ಹೊಸ ಬಡಾವಣೆ ಹೊಲಗದ್ದೆ ನುಂಗುತ್ತಾ ಇತ್ತಲೇ ಬರುತ್ತಿತ್ತು, ನಿಜ. ಆದರೆ ಅಮ್ಮ ಬಂದಾಗ ಏನು ಮಾಡಬೇಕೆಂದು ಸಾರಕ್ಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದರು, ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು. ತಲೆಗೆ ನೀರು ಹಾಕುವವರೆಗೆ ಮಗು ಹೊಸ್ತಿಲು ದಾಟುವ ಹಾಗಿಲ್ಲ. ಡಾಕ್ಟರು, ಸೂಜಿ ಎಂಬ ಮಾತಂತೂ ಎತ್ತಲೇಬಾರದು. ಮೈಮೇಲಿರುವವಳು ದೇವಿ, ಅವಳಿಗೆ ಚುಚ್ಚುವುದುಂಟೇ? ಊರಿನಲ್ಲಿ ಯಾರ ಮನೆಗೆ ಅಮ್ಮ ಬಂದರೂ ಇದನ್ನೆಲ್ಲ ನಾರಾಯಣಮ್ಮನನ್ನೇ ಕೇಳಿಕೊಂಡು ಹೋಗುತ್ತಿದ್ದರು.

ಜ್ವರ ಇಳಿಯಿತು. ಗುಳ್ಳೆಗಳು ಬಾಡಿ ಒಣಗತೊಡಗಿದವು. ಮಗು ಉಪ್ಪಿನಕಾಯಿ ಬೇಕೆಂದು ಹಟ ಹಿಡಿದಾಗ, ಇನ್ನೇನು ಗೆದ್ದೆವು ಎಂದು ಮುದುಕಿ ನಕ್ಕಳು.

ಮರುದಿನ ಬೆಳಿಗ್ಗೆ ಸೊಸೆ ಗೌರಮ್ಮ ಕೂಗಿದಳು. "ಅತ್ತೆ, ಇವ್ಳ ಮೊಣಕಾಲ ಕೆಳಗೆ ನೋಡಿ. ಮೈ ಬೇರೆ ಮತ್ತೆ ಕಾಯ್ತಾ ಐತೆ."

ಉಳಿದವೆಲ್ಲ ಒಣಗಿದ್ದರೂ ಅದೊಂದು ಗುಳ್ಳೆ ಕೀವು ತುಂಬಿ ಊದಿತ್ತು. ಸುತ್ತಲಿನ ಚರ್ಮ ಕೆಂಪಗೆ ಬಿಗಿದು, ಮುಟ್ಟಿದರೆ ಸುಡುತ್ತಿತ್ತು. ಅಲ್ಲಿಂದ ಒಂದು ಕೆಂಪು ಗೆರೆ ತೊಡೆಯ ಕಡೆಗೆ ಹತ್ತಿತ್ತು. ಮಗು ಕಾಲೂರಲಾರದೆ ಅಳುತ್ತಿತ್ತು.

"ಡಾಕ್ಟ್ರಿಗೆ ತೋರಿಸೋಣ ಅತ್ತೆ."

"ಅಮ್ಮ ಇನ್ನೂ ಮನೇಲವ್ಳೆ ಕಣೇ. ಅವಳನ್ನ ಕಳಿಸಿಕೊಡದೆ ಮಗೂನ ಹೊರಗೆ ಹೆಂಗೆ ಕರ್ಕೊಂಡು ಹೋಗ್ಲಿ? ಮುನಿಸಿಕೊಂಡ್ರೆ?"

ಗೌರಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾರಾಯಣಮ್ಮ ಬೇವಿನೆಲೆ ಅರೆಯಲು ಕೂತಳು, ಕೈ ಓಡಲಿಲ್ಲ. ಅವಳು ಬಲ್ಲ ಅಮ್ಮ ಬಂದ ಹಾಗೇ ಇಳಿದು ಹೋಗುವವಳು. ಹೀಗೆ ಒಂದೇ ಕಡೆ ಕಚ್ಚಿಕೊಂಡು, ಗೆರೆ ಎಳೆಯುತ್ತಾ ಮೇಲೆ ಹತ್ತುವವಳಲ್ಲ. ಬಿಟ್ಟ ಜ್ವರವನ್ನು ಮತ್ತೆ ತರುವವಳೂ ಅಲ್ಲ. ಇದು ಬೇರೇನೋ. ದೇವಿಯ ಭಯ ಒಂದು ಕಡೆ, ಕೂಸು ಕೈತಪ್ಪೀತೆಂಬ ಭಯ ಇನ್ನೊಂದು ಕಡೆ.

ಎದ್ದಳು. ಮಗುವಿಗೆ ಹಳೇ ಸೀರೆ ಸುತ್ತಿ ಕಂಕುಳಿಗೆತ್ತಿಕೊಂಡಳು. ಬೀದಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ಊರಿಗೆಲ್ಲ ಕಟ್ಟುಪಾಡು ಹೇಳಿದವಳೇ ಹೊಸ್ತಿಲು ದಾಟಿದ್ದಳಲ್ಲ! ಅವಳು ಯಾರ ಮುಖವನ್ನೂ ನೋಡದೆ ಜಯನಗರದ ದಾರಿ ಹಿಡಿದಳು.

ಅಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ರಾಮಪ್ರಸಾದ ಕಾಲನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ.

"ಗುಳ್ಳೆಗೆ ನಂಜೇರಿದೆ ತಾಯಿ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ಈಗ್ಲೇ ಇಂಜೆಕ್ಷನ್ ಕೊಡ್ತೀನಿ."

"ಒಂದು ಗಳಿಗೆ ತಡೀರಿ ಸ್ವಾಮಿ."

ನಾರಾಯಣಮ್ಮ ನೆಲದ ಮೇಲೆ ಕೂತು ಮೊಮ್ಮಗಳ ಎರಡೂ ಪಾದ ಹಿಡಿದುಕೊಂಡಳು.

"ತಾಯೀ, ಇದು ನಿಂಗೆ ಚುಚ್ಚೋದಲ್ಲ, ನನ್ನ ಕೂಸಿಗೆ. ನೋವಾದ್ರೆ ಹೊಟ್ಟೆಗೆ ಹಾಕ್ಕೋ. ಆಗಾಕಿಲ್ಲ ಅಂದ್ರೆ ಇವಳನ್ನ ಬಿಟ್ಟು ನನ್ನ ಮೈಮೇಲೆ ಬಾ. ನಾನು ಯಾವ ಡಾಕ್ಟ್ರ ಹತ್ರಾನೂ ಹೋಗಾಕಿಲ್ಲ."

ಡಾಕ್ಟರು ಸೂಜಿ ಹಿಡಿದು ಕಾದರು. ಮುದುಕಿ ಮೇಲೆದ್ದು, ಕೊಸರಾಡುತ್ತಿದ್ದ ಮಗುವನ್ನು ತಾನೇ ಗಟ್ಟಿಯಾಗಿ ಅವುಚಿಕೊಂಡಳು.

"ಈಗ ಚುಚ್ಚಿ," ಅಂದಳು.